ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಬೇಜಾರಾಗಿದೆ ಅಂದ ಚಿಂತಾಮಣಿ ಅಕ್ಕನಿಗೆ

ಅಕ್ಕಾ, ನಮಸ್ತೆ. ಮಗಳ ಮನೆಗೆ ಬಂದು ಒಂದು ತಿಂಗಳಾಯಿತು, ಬಾಲ್ಕನಿಯಲ್ಲಿ ಎರಡು ಕುಂಡ ಬಿಟ್ಟರೆ ಕೈಗೆ ಕೆಲಸವಿಲ್ಲ, ಮನಸ್ಸು ಮಂಕಾಗಿದೆ, ಹತ್ತಿರದಲ್ಲಿ ಒಂದು ದಿನ ಹೋಗಿ ಬರುವ ಜಾಗ ಹೇಳಿ ಅಂತ ಕೇಳಿದ್ದೀರಿ. ತಾರಸಿ ತೋಟದ ಗುಂಪಿನಲ್ಲಿ ಪ್ರವಾಸದ ಮಾತೇ ಅಂತ ಯಾರೂ ಬಯ್ಯಬೇಡಿ, ಗಿಡದ ವಿಷಯವೂ ಬರುತ್ತದೆ. ನಾನೂ ಕೋಲಾರದವಳೇ. ಅದೇ ಮ್ಯಾನ್‌ಹೈಮ್‌ನಲ್ಲಿ ಎರಡು ವರ್ಷ ಇದ್ದೆ.

ಪಕ್ಕದ ಹೈಡೆಲ್‌ಬರ್ಗ್ ಊರಿಗೆ ಹೋಗಿ. ರೈಲಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಆದರೆ ಮುಖ್ಯ ನಿಲ್ದಾಣದಲ್ಲಿ ಇಳಿಯಬೇಡಿ. ಹಳೇ ಊರು ಅಲ್ಲಿಂದ ಎರಡು ಕಿಲೋಮೀಟರಿಗೂ ಜಾಸ್ತಿ. ನಾನು ಮೊದಲ ಸಲ ಅಮ್ಮನನ್ನು ಅಲ್ಲೇ ಇಳಿಸಿ, ಬಸ್ಸಿಗೆ ಯಾಕೆ ದುಡ್ಡು ಅಂತ ನಡೆಸಿಕೊಂಡು ಹೋದೆ. ಸೇತುವೆ ತಲುಪುವಷ್ಟರಲ್ಲಿ ಅವರ ಮಂಡಿ ಕೈಕೊಟ್ಟಿತ್ತು, ಬೈಗುಳ ಮಾತ್ರ ಸಂಜೆ ತನಕ ಸಿಕ್ಕಿತು. ಎಸ್-ಬಾನ್ ಅನ್ನುವ ಲೋಕಲ್ ರೈಲು ಹತ್ತಿ, 'ಆಲ್ಟ್‌ಸ್ಟಾಟ್' (ಹಳೇ ಊರು) ಅಂತ ಬರೆದಿರುವ ನಿಲ್ದಾಣದಲ್ಲಿ ಇಳಿಯಿರಿ. ಎಲ್ಲ ಎಸ್-ಬಾನೂ ಅಲ್ಲಿಗೆ ಹೋಗುವುದಿಲ್ಲ, ಬೋರ್ಡ್ ನೋಡಿ ಹತ್ತಿ. ಮಗಳು ಅಳಿಯ ಜೊತೆಗಿದ್ದರೆ ಗುಂಪಿನ ದಿನದ ಟಿಕೆಟ್ ಲಾಭ.

ಇಳಿದು ನೆಕ್ಕರ್ ನದಿ ಪಕ್ಕದಲ್ಲೇ ಹತ್ತು ಹದಿನೈದು ನಿಮಿಷ ನಡೆದರೆ ಹಳೇ ಸೇತುವೆ. 1788ರಲ್ಲಿ ಕಟ್ಟಿ ಮುಗಿಸಿದ ಕೆಂಪು ಕಲ್ಲಿನ ಸೇತುವೆ ಅದು. ಅದರ ಮೇಲೆ ನಿಂತು ಸುಮ್ನೆ ನೀರು ನೋಡಿ. ಪಾಲಾರ್, ಪಿನಾಕಿನಿ, ಚಿತ್ರಾವತಿ ಎಲ್ಲ ನಂದಿ ಬೆಟ್ಟದ ಕಡೆ ಹುಟ್ಟುತ್ತವೆ ಅಂತ ನಾವು ಸ್ಕೂಲಲ್ಲಿ ಬಾಯಿಪಾಠ ಮಾಡಿದವರು. ಅವು ವರ್ಷವಿಡೀ ಹರಿದದ್ದನ್ನು ಯಾರು ನೋಡಿದ್ದೇವೆ? ಸಾವಿರ ಅಡಿ ಬೋರ್ ಕೊರೆಸಿ ಧೂಳು ಕಂಡವರಿಗೆ ದಂಡೆ ತುಂಬ ಹರಿಯುವ ನೀರೇ ದೊಡ್ಡ ಪ್ರೇಕ್ಷಣೀಯ ಸ್ಥಳ. ಉದ್ದುದ್ದ ಸರಕು ದೋಣಿಗಳು ನಿಧಾನಕ್ಕೆ ಹೋಗುತ್ತಿರುತ್ತವೆ. ನಾನು ಗಡಿಯಾರ ನೋಡದೆ ಕೂತದ್ದು ಆ ದೇಶದಲ್ಲಿ ಅಲ್ಲೊಂದೇ ಕಡೆ.

ಹಳೇ ಊರಿನ ಮೇಲಿನ ಗುಡ್ಡದಲ್ಲಿ ಕೋಟೆ ಇದೆ, ಅಲ್ಲಿಗೆ ನಡೆದು ಹತ್ತಬೇಡಿ. ಕಾರ್ನ್‌ಮಾರ್ಕ್ಟ್ ಅನ್ನುವ ಚೌಕದ ಹತ್ತಿರ ಹಳಿ ಮೇಲೆ ಎಳೆದುಕೊಂಡು ಹೋಗುವ ಬೆಟ್ಟದ ರೈಲಿದೆ, ಕೋಟೆಯ ಟಿಕೆಟ್‌ನಲ್ಲೇ ಅದೂ ಸೇರಿರುತ್ತದೆ. 1689 ಮತ್ತು 1693ರಲ್ಲಿ ಫ್ರೆಂಚ್ ಸೈನ್ಯ ಹಾಳುಮಾಡಿದ ಕೋಟೆಗೆ 1764ರಲ್ಲಿ ಸಿಡಿಲೂ ಬಡಿಯಿತು. ಅರ್ಧ ಬಿದ್ದದ್ದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಒಳಗೆ 1751ರ ಒಂದು ಮರದ ಪೀಪಾಯಿ ಇದೆ, ವೈನ್ ತುಂಬಲು ಮಾಡಿದ್ದು, ಸುಮಾರು 2,20,000 ಲೀಟರ್ ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ನಲವತ್ತು ಟ್ಯಾಂಕರ್ ನೀರು! ನೋಡಿ ನಕ್ಕು ಹೊರಗೆ ಬನ್ನಿ.

ಈಗ ಗಿಡದ ವಿಷಯ. ನದಿಯ ಆಚೆ ದಂಡೆಯ ಗುಡ್ಡದಲ್ಲಿ ಫಿಲಾಸಫರ್ಸ್ ವೇ ಅಂತ ಕಾಲುದಾರಿ ಇದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಹಿಂದೆ ಗುಡ್ಡ ಚಳಿಗಾಳಿ ತಡೆಯುತ್ತದೆ. ಹಾಗಾಗಿ ಆ ಚಳಿ ದೇಶದಲ್ಲೂ ಅಲ್ಲಿ ಅಂಜೂರ, ಬಾದಾಮಿ, ನಿಂಬೆ ಬೆಳೆಸಿದ್ದಾರೆ. ಬಾಲ್ಕನಿಯಲ್ಲಿ ಬಿಸಿಲು ಯಾವ ಮೂಲೆಗೆ ಬೀಳುತ್ತದೆ ಅಂತ ಕುಂಡ ಎತ್ತಿಟ್ಟು ನೋಡುತ್ತೀವಲ್ವಾ, ಅದೇ ಉಪಾಯ ದೊಡ್ಡದಾಗಿ. ಸೇತುವೆ ಕಡೆಯಿಂದ ಹತ್ತುವ ಮೆಟ್ಟಿಲ ದಾರಿ ಕಡಿದು, ಮಂಡಿ ನೋವಿದ್ದರೆ ಬಿಟ್ಟುಬಿಡಿ. ಅದರ ಬದಲು ಅದೇ ದಂಡೆಯ ಕೆಳಗೆ, ಸ್ವಲ್ಪ ಮುಂದೆ, ನೆಕ್ಕರ್‌ವೀಸೆ ಅನ್ನುವ ಹುಲ್ಲುಗಾವಲಿದೆ. ಚಿತ್ರಾನ್ನದ ಡಬ್ಬಿ ಅಲ್ಲಿ ಬಿಚ್ಚಿ. ಕೂರುವ ಮುಂಚೆ ಹುಲ್ಲು ನೋಡಿಕೊಳ್ಳಿ, ಹೆಬ್ಬಾತುಗಳ ಹಿಕ್ಕೆ ಜಾಸ್ತಿ. ಡಬ್ಬಿ ಕಂಡರೆ ಹತ್ತಿರವೂ ಬರುತ್ತವೆ.

ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ವಾರದ ನಡುವೆ ಹೋಗಿ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಇರಲಿ. ಮೇ ತಿಂಗಳಾದ್ದರಿಂದ ಸಂತೆಯಲ್ಲಿ ಬಿಳಿ ಆಸ್ಪರಾಗಸ್ ಅನ್ನುವ ತರಕಾರಿ ಕಾಣುತ್ತದೆ, ಪಕ್ಕದ ಶ್ವೆಟ್ಸಿಂಗೆನ್ ಊರು ಇದಕ್ಕೆ ಹೆಸರುವಾಸಿ. ಸಾಲಿಗೆ ಮಣ್ಣು ಏರಿಸಿ ಮೊಳಕೆಗೆ ಬಿಸಿಲು ತಾಗದಂತೆ ಮಾಡುತ್ತಾರೆ, ಅದಕ್ಕೇ ಬಿಳಿ. ನನಗೆ ರುಚಿ ಹಿಡಿಸಲಿಲ್ಲ, ನುಗ್ಗೆಕಾಯಿ ಮುಂದೆ ಏನೂ ಅಲ್ಲ.

ಇನ್ನೊಂದು, ನಿಮ್ಮ ಬುದ್ಧಿ ನನಗೆ ಗೊತ್ತು, ನನ್ನದೂ ಅದೇ. ದಾರಿಯಲ್ಲಿ ಚೆಂದದ ಗಿಡ ಕಂಡರೆ ಕಡ್ಡಿ ಮುರಿದು ಬ್ಯಾಗಿಗೆ ಹಾಕಬೇಡಿ. ಪರವಾನಗಿ ಮತ್ತು ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಗಿಡ, ಬೀಜ ಭಾರತಕ್ಕೆ ತರುವ ಹಾಗಿಲ್ಲ.

ಆ ಗುಡ್ಡದ ಫಿಲಾಸಫರ್ಸ್ ವೇ ದಾರಿಗೆ ಹತ್ತಿದರೆ ನಿಂಬೆ ಗಿಡದ ಫೋಟೋ ಹಾಕಿ. ಈ ವರ್ಷ ಕಾಯಿ ಕಚ್ಚಿದೆಯಾ ನೋಡಬೇಕು.