ನಿಮಿರು ದೌರ್ಬಲ್ಯ: ಮಾತ್ರೆಗಿಂತ ಮೊದಲು ಆಗಬೇಕಾದ ತಪಾಸಣೆ

ಪ್ರಶ್ನೆ: ನನಗೆ 48 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಬಿಪಿಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸುಮಾರು ಒಂದು ವರ್ಷದಿಂದ ಸಂಭೋಗದ ಸಮಯದಲ್ಲಿ ಶಿಶ್ನ ಸರಿಯಾಗಿ ನಿಮಿರುತ್ತಿಲ್ಲ, ನಿಮಿರಿದರೂ ಹೆಚ್ಚು ಹೊತ್ತು ನಿಲ್ಲುತ್ತಿಲ್ಲ. ಆಸೆಯೇನೂ ಕಡಿಮೆಯಾಗಿಲ್ಲ. ಯಾರಿಗೂ ಹೇಳದೆ ಸಿಲ್ಡೆನಾಫಿಲ್ ಮಾತ್ರೆ ತಂದು ಎರಡು ಸಲ ರಾತ್ರಿ ಊಟದ ನಂತರ ನುಂಗಿದೆ, ಪ್ರಯೋಜನವಾಗಲಿಲ್ಲ. ಇದು ವಯಸ್ಸಿನ ಪರಿಣಾಮವೇ? ಬಿಪಿ ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆಯೇ? ಬೇರೆ ಚಿಕಿತ್ಸೆ ಏನಿದೆ?

ಉತ್ತರ: ವಯಸ್ಸಿನ ಜೊತೆ ಈ ತೊಂದರೆ ಹೆಚ್ಚುವುದು ನಿಜವಾದರೂ, ನಿಮ್ಮ ವಿವರಗಳನ್ನು ನೋಡಿದರೆ ವಯಸ್ಸಿಗಿಂತ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳ ಮೇಲೆಯೇ ಮೊದಲು ಸಂಶಯ ಬರುತ್ತದೆ. ಮಧುಮೇಹವು ರಕ್ತನಾಳಗಳ ಒಳಪದರವನ್ನೂ ಸೂಕ್ಷ್ಮ ನರಗಳನ್ನೂ ಒಟ್ಟಿಗೇ ಹಾಳುಮಾಡುವುದರಿಂದ, ಮಧುಮೇಹಿಗಳಲ್ಲಿ ನಿಮಿರು ದೌರ್ಬಲ್ಯ ಉಳಿದವರಿಗಿಂತ ಹೆಚ್ಚು ಮಂದಿಯಲ್ಲಿ, ಅದೂ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ.

ನಿಮಿರುವಿಕೆ ಹೇಗೆ ಆಗುತ್ತದೆ ಎಂಬುದನ್ನು ತಿಳಿದರೆ ನಿಮ್ಮ ಮಾತ್ರೆ ಏಕೆ ಫಲಿಸಲಿಲ್ಲ ಎಂಬುದೂ ಅರ್ಥವಾಗುತ್ತದೆ. ಕಾಮೋದ್ರೇಕವಾದಾಗ ಶಿಶ್ನದ ನರಗಳ ತುದಿಯಿಂದಲೂ ರಕ್ತನಾಳಗಳ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಅದರಿಂದ ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ, ಸ್ನಾಯುಗಳು ಸಡಿಲಗೊಂಡು, ರಕ್ತ ಒಳನುಗ್ಗುತ್ತದೆ. ಹೀಗೆ ತುಂಬಿದ ಅಂಗಾಂಶವೇ ಹೊರಹೋಗುವ ರಕ್ತನಾಳಗಳನ್ನು ಅದುಮಿ ಹಿಡಿದು ಗಡಸುತನವನ್ನು ಉಳಿಸುತ್ತದೆ. ಈ ಜಿಎಂಪಿಯನ್ನು ಒಡೆದುಹಾಕುವ ಕಿಣ್ವವೇ ಪಿಡಿಇ-5. ಸಿಲ್ಡೆನಾಫಿಲ್, ತಡಲಾಫಿಲ್ ಮೊದಲಾದ ಔಷಧಗಳು ಆ ಕಿಣ್ವವನ್ನು ತಡೆಯುತ್ತವೆಯೇ ಹೊರತು ಜಿಎಂಪಿಯನ್ನು ತಾವಾಗಿ ಉತ್ಪಾದಿಸುವುದಿಲ್ಲ. ಆದ್ದರಿಂದ ಉದ್ರೇಕವಿಲ್ಲದೆ ಮಾತ್ರೆ ನುಂಗಿ ಕಾದು ಕುಳಿತರೆ ಏನೂ ಆಗದು. ನರ ಮತ್ತು ರಕ್ತನಾಳಗಳು ತೀರ ಹಾಳಾಗಿದ್ದರೆ ಉಳಿಸಿಕೊಳ್ಳಲು ಜಿಎಂಪಿಯೇ ಸಾಕಷ್ಟು ಇರುವುದಿಲ್ಲ.

ಎರಡು ಸಲ ಫಲಿಸದಿದ್ದ ಮಾತ್ರಕ್ಕೆ ಔಷಧ ಸೋತಿತೆಂದು ತೀರ್ಮಾನಿಸಬೇಡಿ. ಜಿಡ್ಡಿನ, ಹೊಟ್ಟೆತುಂಬ ಊಟದ ಮೇಲೆ ತೆಗೆದುಕೊಂಡ ಸಿಲ್ಡೆನಾಫಿಲ್ ರಕ್ತಕ್ಕೆ ಸೇರಲು ತಡವಾಗುತ್ತದೆ. ಅದನ್ನು ಸಂಭೋಗಕ್ಕೆ ಸುಮಾರು ಒಂದು ಗಂಟೆ ಮೊದಲು, ಹೊಟ್ಟೆ ಹಗುರವಾಗಿದ್ದಾಗ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಸರಿಯಾದ ಕ್ರಮದಲ್ಲಿ ಬೇರೆ ಬೇರೆ ದಿನಗಳಲ್ಲಿ ಆರೆಂಟು ಸಲವಾದರೂ ನೋಡಿದ ಮೇಲೆಯೇ ಅದು ನಿಷ್ಪ್ರಯೋಜಕ ಎನ್ನಬಹುದು. ತಡಲಾಫಿಲ್‌ಗೆ ಊಟದ ತೊಡಕಿಲ್ಲ. ಅದರ ಪರಿಣಾಮ 36 ಗಂಟೆಯವರೆಗೂ ಇರಬಲ್ಲದು, ಕಡಿಮೆ ಪ್ರಮಾಣದಲ್ಲಿ ದಿನವೂ ತೆಗೆದುಕೊಳ್ಳುವ ಕ್ರಮವೂ ಉಂಟು. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು, ಅಜೀರ್ಣ ಇವು ಸಾಮಾನ್ಯ ಅಡ್ಡಪರಿಣಾಮಗಳು. ದೃಷ್ಟಿ ಅಥವಾ ಶ್ರವಣ ಹಠಾತ್ತನೆ ಕುಂದಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಆದರೆ ಮಾತ್ರೆಯ ಚರ್ಚೆಗಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಶಿಶ್ನದ ಅಪಧಮನಿಗಳ ವ್ಯಾಸ ಕೇವಲ 1ರಿಂದ 2 ಮಿಲಿಮೀಟರ್. ಹೃದಯಕ್ಕೆ ರಕ್ತ ಒದಗಿಸುವ ಅಪಧಮನಿಗಳದು 3ರಿಂದ 4 ಮಿಲಿಮೀಟರ್. ಕೊಬ್ಬಿನ ಪದರ ದೇಹದ ಎಲ್ಲ ನಾಳಗಳಲ್ಲೂ ಕಟ್ಟುತ್ತಾ ಹೋದರೂ, ಸಣ್ಣ ನಾಳದ ತೊಂದರೆ ಮೊದಲು ಗೊತ್ತಾಗುತ್ತದೆ. ಹೀಗಾಗಿ ನಿಮಿರು ದೌರ್ಬಲ್ಯವು ಅನೇಕರಲ್ಲಿ ಹೃದ್ರೋಗದ ಲಕ್ಷಣಗಳಿಗಿಂತ ಎರಡರಿಂದ ಐದು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಗುಟ್ಟಾಗಿ ಮಾತ್ರೆ ನುಂಗುವುದರಲ್ಲಿ ನನಗೆ ಕಾಣುವ ದೊಡ್ಡ ನಷ್ಟ ಇದೇ: ಮಾತ್ರೆ ಫಲಿಸಿದರೆ ಆ ಮುನ್ಸೂಚನೆ ಮುಚ್ಚಿಹೋಗುತ್ತದೆ. ಹಾಗಾಗಿ ನೀವು ಮೊದಲು ಬಿಪಿ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಕೊಲೆಸ್ಟ್ರಾಲ್, ಮೂತ್ರಪಿಂಡದ ಕಾರ್ಯ ಮತ್ತು ಇಸಿಜಿ ಮಾಡಿಸಿಕೊಳ್ಳಿ. ಆಸೆ ಕುಂದಿಲ್ಲವಾದ್ದರಿಂದ ಟೆಸ್ಟೋಸ್ಟೆರಾನ್ ಕೊರತೆ ಮುಖ್ಯ ಕಾರಣವಾಗಿರುವ ಸಂಭವ ಕಡಿಮೆ. ಆದರೂ ಮಧುಮೇಹಿಗಳಲ್ಲಿ ಅದು ಕುಸಿದಿರುವುದು ಅಪರೂಪವಲ್ಲವಾದ್ದರಿಂದ ಬೆಳಗಿನ ಹೊತ್ತು ರಕ್ತ ಕೊಟ್ಟು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕೊರತೆಯಿಲ್ಲದವರು ಆ ಹಾರ್ಮೋನಿನ ಚುಚ್ಚುಮದ್ದು ಪಡೆದರೆ ಲಾಭವಿಲ್ಲ, ವೀರ್ಯಾಣು ಉತ್ಪಾದನೆ ಕುಗ್ಗುವ ಹಾನಿಯಂತೂ ಇದೆ.

ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಥಯಾಝೈಡ್ ಗುಂಪಿನ ಮೂತ್ರವರ್ಧಕಗಳು ಮತ್ತು ಅಟೆನೊಲಾಲ್‌ನಂತಹ ಹಳೆಯ ಬೀಟಾ ಬ್ಲಾಕರ್‌ಗಳು ಕೆಲವರಲ್ಲಿ ಈ ತೊಂದರೆಯನ್ನು ಹೆಚ್ಚಿಸುತ್ತವೆ. ನೀವು ಅಂಥದ್ದನ್ನು ತೆಗೆದುಕೊಳ್ಳುತ್ತಿದ್ದರೆ ಬದಲಿ ಔಷಧವಿದೆಯೇ ಎಂದು ವೈದ್ಯರನ್ನು ಕೇಳಬಹುದು. ಧೂಮಪಾನ ಬಿಡುವುದು, ತೂಕ ಇಳಿಸುವುದು, ವಾರಕ್ಕೆ ಸುಮಾರು 160 ನಿಮಿಷ ಬಿರುಸಿನ ನಡಿಗೆಯಂತಹ ವ್ಯಾಯಾಮವನ್ನು ಆರು ತಿಂಗಳಾದರೂ ಮುಂದುವರಿಸುವುದು ನಿಮಿರುವಿಕೆಯನ್ನೇ ಸುಧಾರಿಸುತ್ತವೆ.

ಮಾತ್ರೆ ನಿಜಕ್ಕೂ ಫಲಿಸದಿದ್ದಾಗ ಮೂತ್ರರೋಗ ತಜ್ಞರ ಬಳಿ ಬೇರೆ ಉಪಾಯಗಳಿವೆ. ನಿರ್ವಾತ ಪಂಪ್ ಶಿಶ್ನಕ್ಕೆ ರಕ್ತವನ್ನು ಸೆಳೆಯುತ್ತದೆ. ಬುಡಕ್ಕೆ ಹಾಕುವ ಉಂಗುರ ಅದನ್ನು ಹಿಡಿದಿಡುತ್ತದೆ. ಉಂಗುರವನ್ನು 30 ನಿಮಿಷಕ್ಕಿಂತ ಹೆಚ್ಚು ಇಡಬಾರದು. ರಕ್ತನಾಳಗಳನ್ನು ಹಿಗ್ಗಿಸುವ ಆಲ್ಪ್ರೊಸ್ಟಾಡಿಲ್ ಚುಚ್ಚುಮದ್ದನ್ನು ಶಿಶ್ನದ ಪಾರ್ಶ್ವಕ್ಕೆ ಅತಿ ಸಣ್ಣ ಸೂಜಿಯಿಂದ ತಾವೇ ಕೊಟ್ಟುಕೊಳ್ಳುವುದನ್ನು ರೋಗಿಗೆ ಕಲಿಸಲಾಗುತ್ತದೆ. ಕೇಳಿದವರು ಹೆದರುತ್ತಾರೆ, ಕಲಿತವರಲ್ಲಿ ಹಲವರು ಅದನ್ನೇ ಮೆಚ್ಚಿಕೊಳ್ಳುತ್ತಾರೆ. ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಮಾತ್ರ ಅದು ತುರ್ತುಸ್ಥಿತಿ, ಬೆಳಗಾಗಲೆಂದು ಕಾಯುವಂತಿಲ್ಲ. ಕೊನೆಯದು ಇಂಪ್ಲಾಂಟ್ ಶಸ್ತ್ರಚಿಕಿತ್ಸೆ: ಶಿಶ್ನದೊಳಗೆ ಎರಡು ಕೊಳವೆಗಳನ್ನೂ ವೃಷಣಚೀಲದಲ್ಲಿ ಪುಟ್ಟ ಪಂಪನ್ನೂ ಕೂರಿಸಲಾಗುತ್ತದೆ. ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ತೃಪ್ತರಾಗಿರುತ್ತಾರೆ, ಆದರೆ ಆಮೇಲೆ ಸಹಜ ನಿಮಿರುವಿಕೆಗೆ ಮರಳಲಾಗದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕಿನ ಅಪಾಯವೂ ಹೆಚ್ಚು. ಶಿಶ್ನಕ್ಕೆ ಧ್ವನಿತರಂಗಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆಯ ಬಗ್ಗೆ ಜಾಹೀರಾತು ಜೋರಾಗಿದ್ದರೂ ಅದರ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಗಿಡಮೂಲಿಕೆಯೆಂದು ಮಾರಾಟವಾಗುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಲೇಬಲ್ ಮೇಲೆ ನಮೂದಿಸದ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ.

ಪ್ರಶ್ನೆ: ನನಗೆ 27 ವರ್ಷ, ಮದುವೆಯಾಗಿ ಕೆಲವೇ ತಿಂಗಳಾಗಿವೆ. ಬೆಳಗಿನ ಜಾವ ನಿಮಿರುವಿಕೆ ಚೆನ್ನಾಗಿಯೇ ಇರುತ್ತದೆ, ಹೆಂಡತಿಯ ಜೊತೆ ಮಾತ್ರ ಪ್ರತಿ ಸಲವೂ ಮಧ್ಯದಲ್ಲೇ ಕುಸಿಯುತ್ತದೆ. ಹಿಂದಿನ ಹಸ್ತಮೈಥುನದಿಂದ ನರ ದುರ್ಬಲವಾಗಿರಬಹುದೇ?

ಉತ್ತರ: ಇಲ್ಲ, ಹಸ್ತಮೈಥುನದಿಂದ ನರ ದುರ್ಬಲವಾಗುವುದಿಲ್ಲ. ಬೆಳಗಿನ ನಿಮಿರುವಿಕೆ ಗಟ್ಟಿಯಾಗಿದ್ದರೆ ನರ, ರಕ್ತನಾಳಗಳು ಕೆಲಸ ಮಾಡುತ್ತಿವೆಯೆಂದೇ ಬಹುಮಟ್ಟಿಗೆ ಅರ್ಥ. ಒಮ್ಮೆ ವಿಫಲವಾದವರು ಮುಂದಿನ ಸಲ ಸಂಗಾತಿಯ ಸಾಮೀಪ್ಯದಲ್ಲಿ ಮನಸ್ಸಿಡದೆ ತಮ್ಮನ್ನೇ ತಾವು ಪರೀಕ್ಷಿಸುತ್ತಿರುತ್ತಾರೆ. ಆ ಆತಂಕದಲ್ಲಿ ಹರಿಯುವ ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ಶಿಶ್ನದ ಸ್ನಾಯುಗಳನ್ನು ಬಿಗಿಗೊಳಿಸಿ ರಕ್ತವನ್ನು ಹೊರಗಟ್ಟುತ್ತವೆ. ಕೆಲವು ವಾರ ಸಂಭೋಗದ ಗುರಿಯನ್ನೇ ಬದಿಗಿಟ್ಟು, ಸ್ಪರ್ಶಕ್ಕಷ್ಟೇ ಸೀಮಿತವಾಗಿರಲು ಇಬ್ಬರೂ ಒಪ್ಪಿಕೊಳ್ಳಿ. ಲೈಂಗಿಕ ಚಿಕಿತ್ಸಕರು ಈ ಕ್ರಮವನ್ನು ಹಂತಹಂತವಾಗಿ ಹೇಳಿಕೊಡುತ್ತಾರೆ. ಹೆಂಡತಿಯನ್ನು ಕರೆದುಕೊಂಡು ಹೋದರೆ ಬೇಗ ಫಲ ಸಿಗುತ್ತದೆ. ಆತ್ಮವಿಶ್ವಾಸ ಮರಳುವವರೆಗೆ ಕೆಲಕಾಲ ಮಾತ್ರೆ ಕೊಡುವುದೂ ಉಂಟು. ಖಿನ್ನತೆ ಅಥವಾ ಆತಂಕಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನು ಖಂಡಿತ ತಿಳಿಸಿ, ಏಕೆಂದರೆ ಅವುಗಳಲ್ಲಿ ಕೆಲವು ಲೈಂಗಿಕ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತವೆ.

ಪ್ರಶ್ನೆ: ನನ್ನ ಪತಿಗೆ 61 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಲಾಗಿದೆ. ಎದೆನೋವು ಬಂದರೆ ನಾಲಗೆಯ ಕೆಳಗಿಡಲು ಮಾತ್ರೆ ಕೊಟ್ಟಿದ್ದಾರೆ. ಅವರು ಲೈಂಗಿಕ ಶಕ್ತಿಯ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಹೃದ್ರೋಗಿಗಳೆಲ್ಲರಿಗೂ ಸಂಭೋಗ ನಿಷಿದ್ಧವಲ್ಲ. ಎದೆನೋವು, ಏದುಸಿರು ಇಲ್ಲದೆ ಎರಡು ಅಂತಸ್ತಿನ ಮೆಟ್ಟಿಲನ್ನು ಬಿರುಸಾಗಿ ಹತ್ತಬಲ್ಲವರು ಸಾಮಾನ್ಯವಾಗಿ ಆ ಶ್ರಮವನ್ನು ತಾಳಿಕೊಳ್ಳಬಲ್ಲರು. ಆದರೆ ನಾಲಗೆಯ ಕೆಳಗಿಡುವ ಆ ಮಾತ್ರೆ ನೈಟ್ರೇಟ್ ಜಾತಿಯದು. ಅದರ ಜೊತೆ ಸಿಲ್ಡೆನಾಫಿಲ್ ಅಥವಾ ತಡಲಾಫಿಲ್ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು. ನಿಕೊರಾಂಡಿಲ್ ಎಂಬ ಎದೆನೋವಿನ ಔಷಧಕ್ಕೂ ಇದೇ ನಿಷೇಧ ಅನ್ವಯಿಸುತ್ತದೆ. ಆದ್ದರಿಂದ ಈಗಿನ ಸ್ಥಿತಿಯಲ್ಲಿ ನಿಮ್ಮ ಪತಿ ಆ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ನೈಟ್ರೇಟ್ ಅವರಿಗೆ ಇನ್ನೂ ಅಗತ್ಯವಿದೆಯೇ ಎಂಬುದನ್ನು ಹೃದಯತಜ್ಞರೇ ನಿರ್ಧರಿಸಬೇಕು. ಅಗತ್ಯವಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ನಿರ್ವಾತ ಪಂಪ್ ಅಥವಾ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ ಅವೆರಡರಿಂದಲೂ ಚರ್ಮದಡಿ ರಕ್ತ ಸೋರಿ ಕಂದುವ ಸಾಧ್ಯತೆಯಿರುವುದರಿಂದ ಅದನ್ನೂ ಮೊದಲೇ ತಿಳಿಸಬೇಕು. ಒಂದು ವೇಳೆ ಅವರು ನಿಮಗೆ ಹೇಳದೆ ಈಗಾಗಲೇ ಅಂಥ ಮಾತ್ರೆ ನುಂಗಿದ್ದು, ಆಮೇಲೆ ಎದೆನೋವು ಬಂದರೆ, ನಾಲಗೆಯ ಕೆಳಗಿನ ಮಾತ್ರೆಯನ್ನು ಕೊಡದೆ ಆಂಬುಲೆನ್ಸ್ ಕರೆಸಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಸಿಲ್ಡೆನಾಫಿಲ್ ಆದರೆ ಕನಿಷ್ಠ 24 ಗಂಟೆ, ತಡಲಾಫಿಲ್ ಆದರೆ 48 ಗಂಟೆ ಕಳೆಯುವವರೆಗೆ ಅವರು ನೈಟ್ರೇಟ್ ಕೊಡುವುದನ್ನು ತಪ್ಪಿಸುತ್ತಾರೆ.