ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿ ಏಕೆ ಕುಗ್ಗುತ್ತದೆ?

ಕೊಪ್ಪಳದಲ್ಲಿರುವ, ಎಪ್ಪತ್ತು ದಾಟಿದ ನಿಮ್ಮ ತಾಯಿಯವರಿಗೆ ಮಿರ್ಚಿ ಕರಿಯುವ ಎಣ್ಣೆ ಸೀದರೂ ವಾಸನೆ ತಿಳಿಯುವುದಿಲ್ಲ, ದೋಷ ಮೂಗಿನದೋ ಮಿದುಳಿನದೋ ಎಂದು ಕೇಳಿದ್ದೀರಿ. ವಯಸ್ಸಿನ ಪರಿಣಾಮ ಎರಡರಲ್ಲೂ ಕಾಣುತ್ತದೆ, ಆದರೆ ಮೂಗಿನ ಮೇಲ್ಭಾಗದಲ್ಲಿ ವಾಸನೆಯನ್ನು ಅರಿಯುವ ಘ್ರಾಣ ಪದರದಿಂದಲೇ ವಿವರಣೆಯನ್ನು ಆರಂಭಿಸಬೇಕು.

ಅಲ್ಲಿನ ನರಕೋಶಗಳು ಉಸಿರಾಡುವ ಗಾಳಿಗೂ ಅದರೊಡನೆ ಬರುವ ಹೊಗೆ, ದೂಳಿಗೂ ನೇರವಾಗಿ ತೆರೆದುಕೊಂಡಿರುವುದರಿಂದ ಬೇಗ ಸವೆಯುತ್ತವೆ; ಆದರೆ ಪದರದ ಬುಡದಲ್ಲಿರುವ ಕಾಂಡಕೋಶಗಳು ವಿಭಜನೆಗೊಂಡು ಸತ್ತವುಗಳ ಜಾಗಕ್ಕೆ ಹೊಸ ನರಕೋಶಗಳನ್ನು ಒದಗಿಸುತ್ತಲೇ ಇರುತ್ತವೆ. ದೇಹದ ಬಹುತೇಕ ನರಕೋಶಗಳಿಗೆ ಈ ಭಾಗ್ಯವಿಲ್ಲ. ವಯಸ್ಸಾದಂತೆ ಈ ಕಾಂಡಕೋಶಗಳ ಚಟುವಟಿಕೆ ಮಂದವಾಗುತ್ತದೆ, ಉರಿಯೂತದ ಲಕ್ಷಣಗಳು ಹೆಚ್ಚುತ್ತವೆ, ಮತ್ತು ನರಕೋಶಗಳಿರಬೇಕಾದ ಕಡೆ ವಾಸನೆಯನ್ನು ಅರಿಯಲಾರದ ಸಾಮಾನ್ಯ ಉಸಿರಾಟದ ಪದರವು ತೇಪೆ ಹಾಕಿದಂತೆ ಅಲ್ಲಲ್ಲಿ ಆವರಿಸುತ್ತದೆ.

ಮನುಷ್ಯರಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಘ್ರಾಣ ಗ್ರಾಹಕಗಳು ಸುಮಾರು 400 ಬಗೆಯವಿದ್ದು, ಒಂದು ನರಕೋಶ ಸಾಮಾನ್ಯವಾಗಿ ಒಂದೇ ಬಗೆಯದನ್ನು ಹೊಂದಿರುತ್ತದೆ. ಇವುಗಳ ತಂತುಗಳು ತೆಳುವಾದ ಮೂಳೆಯ ರಂಧ್ರಗಳನ್ನು ಹಾದು ವಾಸನೆಯ ಸಂಕೇತಗಳನ್ನು ಮೊದಲು ಪಡೆಯುವ ಮಿದುಳಿನ ಭಾಗವಾದ ಘ್ರಾಣ ಗಡ್ಡೆಯನ್ನು ಸೇರುತ್ತವೆ. ನರಕೋಶಗಳು ಕಡಿಮೆಯಾದಾಗ ಗಡ್ಡೆಗೆ ತಲುಪುವ ಸಂಕೇತ ಕ್ಷೀಣಿಸುವುದರಿಂದ, ವಾಸನೆಯೇನೋ ಬಂದರೂ ಅದು ಯಾವುದರದೆಂದು ಗುರುತಿಸುವುದು ಕಷ್ಟವಾಗುತ್ತದೆ. ಇಲಿಗಳ ಘ್ರಾಣ ಗಡ್ಡೆಗೆ ಮಿದುಳಿನೊಳಗಿನಿಂದಲೂ ಹೊಸ ನರಕೋಶಗಳು ಬರುತ್ತವೆ. ವಯಸ್ಕ ಮನುಷ್ಯರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಇಲಿಗಳ ಪ್ರಯೋಗಗಳನ್ನು ನಮಗೆ ನೇರವಾಗಿ ಅನ್ವಯಿಸುವುದು ನನಗೆ ಸರಿಯೆನಿಸುವುದಿಲ್ಲ.

ಪಾರ್ಕಿನ್ಸನ್ ಮತ್ತು ಆಲ್ಝೈಮರ್ ಕಾಯಿಲೆಗಳಲ್ಲೂ ಘ್ರಾಣಶಕ್ತಿ ಮೊದಲೇ ಕುಂದಬಹುದಾದ್ದರಿಂದ ತಾಯಿಯವರನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಅಡುಗೆ ಅನಿಲದ ಸೋರಿಕೆ ತಿಳಿಯುವುದು ಅದಕ್ಕೆ ಬೆರೆಸಿದ ರಾಸಾಯನಿಕವಾದ ಮರ್ಕ್ಯಾಪ್ಟನ್‌ನ ವಾಸನೆಯಿಂದಲೇ ಆದ್ದರಿಂದ, ಮನೆಯಲ್ಲಿ ಸೋರಿಕೆ ಸೂಚಿಸುವ ಅಲಾರಂ ಅಳವಡಿಸುವುದು ಒಳ್ಳೆಯದು.