ತಮಿಳು ಮಾತಾಡುವವರು ತಮಿಳರೇ ಅಲ್ವಾ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಶ್ರೀಲಂಕಾ ಕುರಿತ ಲೇಖನದಲ್ಲಿ 'ತಮಿಳರು ಮತ್ತು ಮುಸ್ಲಿಮರು' ಎಂದು ಬೇರೆ ಬೇರೆ ಬರೆದಿದ್ದೀರಿ. ಅಲ್ಲಿನ ಮುಸ್ಲಿಮರ ಮನೆಮಾತು ತಮಿಳು. ಕನ್ನಡ ಮಾತಾಡುವ ಮುಸ್ಲಿಮರನ್ನು ನಾವು ಕನ್ನಡಿಗರು ಅನ್ನುವುದಿಲ್ಲವೇ? ಧರ್ಮಕ್ಕಾಗಿ ಭಾಷೆಯನ್ನು ಬಿಟ್ಟುಕೊಟ್ಟವರು ಅವರು. ಯುದ್ಧ ಮುಗಿದ ಮೇಲಾದರೂ ಎಲ್ಲರೂ ಒಂದಾದರೇ?"

ಸಂಪಾದಕರ ಉತ್ತರ:

ನಮಸ್ಕಾರ ಸರ್. ಭಾಷೆ ಜನರನ್ನು ಒಂದು ಮಾಡಬೇಕು ಅನ್ನುವ ನಿಮ್ಮ ಆಸೆ ನನ್ನದೂ ಹೌದು. ಆದರೆ ಅವರು ಭಾಷೆಯನ್ನು ಬಿಟ್ಟುಕೊಟ್ಟರು ಅನ್ನುವ ಮಾತನ್ನು ಒಪ್ಪಲಾರೆ.

ಅಲ್ಲಿನ ಜನಗಣತಿಯಲ್ಲಿ ಸಿಂಹಳ, ತಮಿಳ, ಮೂರ್ ಎಂದು ಬೇರೆ ಬೇರೆ ಲೆಕ್ಕವಿದೆ. ಅಲ್ಲಿನ ಮುಸ್ಲಿಮರಿಗೆ ಮೂರ್ ಎಂಬ ಹೆಸರು ಕೊಟ್ಟವರು ಪೋರ್ಚುಗೀಸರು. 2012ರ ಗಣತಿಯಂತೆ ಅವರು ಶೇ. 9ಕ್ಕಿಂತ ತುಸು ಜಾಸ್ತಿ. ತಮಿಳು ಮಾತಾಡುವ ಕ್ರೈಸ್ತರು ತಮಿಳರ ಲೆಕ್ಕದಲ್ಲೇ ಇದ್ದಾರೆ. ಮುಸ್ಲಿಮರು ಮಾತ್ರ ಯಾಕೆ ಹೊರಗೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1888ರಲ್ಲಿ ತಮಿಳು ನಾಯಕ ಪೊನ್ನಂಬಲಂ ರಾಮನಾಥನ್ ಒಂದು ಪ್ರಬಂಧ ಮಂಡಿಸಿದರು. ಮೂರ್‌ಗಳು ಮತಾಂತರವಾದ ತಮಿಳರೇ ಎಂಬುದು ಅವರ ವಾದ. ಮುಸ್ಲಿಮರು ಶಾಸನ ಸಭೆಯಲ್ಲಿ ತಮ್ಮದೇ ಪ್ರತಿನಿಧಿ ಬೇಕೆನ್ನುತ್ತಿದ್ದ ಕಾಲ ಅದು. 'ನೀವೂ ನಮ್ಮವರೇ' ಎಂಬ ಮಾತು ಅವರಿಗೆ 'ನಿಮಗೆ ಬೇರೆ ಕುರ್ಚಿ ಯಾಕೆ' ಎಂದು ಕೇಳಿಸಿತು. 1907ರಲ್ಲಿ ಐ.ಎಲ್.ಎಂ. ಅಬ್ದುಲ್ ಅಝೀಝ್ ಆ ಪ್ರಬಂಧಕ್ಕೆ ಉತ್ತರ ಬರೆದರು. 1915ರ ಗಲಭೆಯಲ್ಲಿ ಸಿಂಹಳರ ಗುಂಪುಗಳು ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ಬಿದ್ದವು. ಆಗ ಅದೇ ರಾಮನಾಥನ್ ಬಂಧನದಲ್ಲಿದ್ದ ಸಿಂಹಳ ನಾಯಕರ ಪರವಾಗಿ ಇಂಗ್ಲೆಂಡಿಗೆ ಹೋದರು. ಬ್ರಿಟಿಷರ ದಬ್ಬಾಳಿಕೆಯನ್ನು ಎದುರಿಸಲು ಹೋಗಿದ್ದು ನಿಜ. ಆದರೂ ಮುಸ್ಲಿಮರಿಗೆ ಆದ ನೋವು ಸಣ್ಣದಲ್ಲ.

ಮುಸ್ಲಿಮರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಮಾತ್ರ ಪೂರ್ವದಲ್ಲಿ, ತಮಿಳರ ಪಕ್ಕದಲ್ಲಿದ್ದಾರೆ. ಉಳಿದವರಲ್ಲಿ ಹೆಚ್ಚಿನವರು ಕೊಲಂಬೊ, ಕ್ಯಾಂಡಿ ಕಡೆ ಸಿಂಹಳರ ನಡುವೆ ಬದುಕುತ್ತಾರೆ. ತಮಿಳು ಈಳಂ, ಅಂದರೆ ತಮಿಳರಿಗೆ ಬೇರೆ ದೇಶ ಬೇಕು ಎಂದು ಕೂಗಿದರೆ ಕ್ಯಾಂಡಿಯ ಅಂಗಡಿಯವನ ಗತಿ ಏನು, ಹೇಳಿ? ಹಾಗಿದ್ದೂ 1977ರಲ್ಲಿ ಮುಸ್ಲಿಂ ನಾಯಕ ಎಂ.ಎಚ್.ಎಂ. ಅಶ್ರಫ್ ತಮಿಳು ಪಕ್ಷದ ಜೊತೆ ನಿಂತು ಪ್ರಚಾರ ಮಾಡಿದ್ದರು. ಮುಂದೆ ಮುಸ್ಲಿಂ ಕಾಂಗ್ರೆಸ್ ಕಟ್ಟಿದವರೂ ಅವರೇ.

ಪೂರ್ವದ ಮಟ್ಟಕ್ಕಳಪ್ಪು ಕಡೆಯ ಒಂದು ಸಂಗತಿ ನನಗೆ ಬಹಳ ಇಷ್ಟ. ಅಲ್ಲಿ ತಮಿಳರಿಗೂ ಮುಸ್ಲಿಮರಿಗೂ 'ಕುಡಿ' ಎಂಬ ತಾಯಿ ಕಡೆಯ ಬಳಿಗಳಿವೆ. ಎರಡೂ ಕಡೆ ಮನೆ ಸಿಗುವುದು ಮಗಳಿಗೆ. ನಮ್ಮ ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಇದು ಹೊಸತೇನಲ್ಲ. ಇಷ್ಟು ಹತ್ತಿರ ಬಾಳಿದವರು ಅವರು.

ಹಾಗಿದ್ದೂ 1990ರ ಆಗಸ್ಟ್‌ನಲ್ಲಿ ಅದೇ ಕಡೆಯ ಕಾತ್ತಾನ್‌ಕುಡಿ ಊರಿನ ಮಸೀದಿಗಳಲ್ಲಿ ನಮಾಜಿಗೆ ನಿಂತಿದ್ದ ನೂರಕ್ಕೂ ಹೆಚ್ಚು ಜನರ ಹತ್ಯೆಯಾಯಿತು. ಅಕ್ಟೋಬರ್‌ನಲ್ಲಿ ಉತ್ತರದಿಂದ ಸುಮಾರು 75,000 ಮುಸ್ಲಿಮರನ್ನು ಎಲ್‌ಟಿಟಿಇ ಹೊರಹಾಕಿತು. ಜಾಫ್ನಾದವರಿಗೆ ಸಿಕ್ಕಿದ್ದು ಎರಡು ಗಂಟೆ. ಹಾಗೆ ಹೊರಡಿ ಎಂದು ಹೇಳಿದ್ದೂ ತಮಿಳಿನಲ್ಲೇ ಸರ್. ಅವರು ತಮಿಳರಲ್ಲ ಎಂದು ಆ ದಿನ ತೀರ್ಮಾನ ಮಾಡಿದ್ದು ಯಾರು? 2002ರಲ್ಲಿ ಎಲ್‌ಟಿಟಿಇ ಪರವಾಗಿ ಮಾತಾಡುತ್ತಿದ್ದ ಆಂಟನ್ ಬಾಲಸಿಂಗಂ ಅದು ತಪ್ಪಾಯಿತು ಎಂದು ಒಪ್ಪಿಕೊಂಡರು. ಇನ್ನೊಂದನ್ನೂ ಹೇಳಬೇಕು. ಪೂರ್ವದ ಕೆಲವು ತಮಿಳು ಹಳ್ಳಿಗಳಲ್ಲಿ ಮುಸ್ಲಿಂ ಹೋಂಗಾರ್ಡ್‌ಗಳ ಕೈಗೂ ರಕ್ತ ಅಂಟಿದೆ. ಸತ್ತವರ ಮನೆಯವರು ಅದನ್ನು ಮರೆತಿಲ್ಲ.

ಸರ್ಕಾರದ ಜೊತೆಗಿದ್ದೂ ಮುಸ್ಲಿಮರಿಗೆ ರಕ್ಷಣೆ ಸಿಗಲಿಲ್ಲ. 2014ರಲ್ಲಿ ಅಳುತ್‌ಗಮದಲ್ಲಿ, 2018ರಲ್ಲಿ ದಿಗನದಲ್ಲಿ ಸಿಂಹಳರ ಗುಂಪುಗಳು ಅವರ ಮೇಲೆ ಬಿದ್ದವು. 2019ರ ಈಸ್ಟರ್ ಬಾಂಬ್ ದಾಳಿಯನ್ನು ನಡೆಸಿದ್ದು ಬೆರಳೆಣಿಕೆಯ ಜನ, ಅನುಮಾನ ಹೊತ್ತಿದ್ದು ಇಡೀ ಸಮುದಾಯ. ಕೋವಿಡ್ ಕಾಲದಲ್ಲಿ ಹೂಳಲು ಬಿಡದೆ ಹೆಣಗಳನ್ನು ಸುಟ್ಟರು. 20 ದಿನದ ಒಂದು ಹಸುಗೂಸನ್ನೂ ಬಿಡಲಿಲ್ಲ. 2024ರಲ್ಲಿ ಸರ್ಕಾರ ಕ್ಷಮೆ ಕೇಳಿತು.

ಒಂದಾದರೇ ಎಂದು ಕೇಳಿದ್ದೀರಿ. 2009ರಲ್ಲಿ ಯುದ್ಧ ಮುಗಿದ ಮೇಲೆ, ಉತ್ತರದಿಂದ ಹೊರಬಿದ್ದವರಲ್ಲಿ ಕೆಲವರು ಜಾಫ್ನಾಕ್ಕೆ, ಮನ್ನಾರ್‌ಗೆ ಮರಳಿದರು. ಹಲವರು ಆಶ್ರಯ ಪಡೆದಿದ್ದ ಪುತ್ತಳಂನಲ್ಲೇ ಉಳಿದರು. ಮಕ್ಕಳು ಅಲ್ಲೇ ಹುಟ್ಟಿ ಬೆಳೆದಿದ್ದಾರೆ. ಮನೆಯಲ್ಲಿ ಇವತ್ತಿಗೂ ಆಡುವುದು ತಮಿಳನ್ನೇ.